ಕೌದಿಯೊಳಗಿನ ತೇಪಿ: ದಗಾದ ಕಥೆಯನ್ನು ಗೀಗೀ ಪದಕ್ಕೆ ಕಟ್ಟುವುದು ಹೇಗೆ

ಗಂಡ ದುಡಿಯಲು ಪರಊರಿಗೆ, ಹೆಂಡತಿ ಮನೆಯಲ್ಲಿ, ಗೆಳೆಯ ಬಾಗಿಲಲ್ಲಿ. ಈ ಕಥೆ ಎತ್ತಿಕೊಂಡರೆ ಕಲಬುರಗಿ, ಯಾದಗಿರಿ, ಬೀದರ ಸೀಮೆಯ ಯಾವ ಜಾತ್ರೆಯಲ್ಲಾದರೂ ಜನ ಎದ್ದು ಹೋಗುವುದಿಲ್ಲ. ಮುಂದೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು, ಗೊತ್ತಿದ್ದೇ ಕೂತಿರುತ್ತಾರೆ. ಹಾಗಾಗಿ ಗೀಗೀ ಪದ, ಅಂದರೆ ಮೇಳ ಕೂಡಿ ಹಾಡುವ ಕಥೆಯ ಹಾಡು, ಕಟ್ಟುವವರು ಗುಟ್ಟು ಮುಚ್ಚಿಡುವ ಆಸೆಯನ್ನು ಮೊದಲು ಬಿಡಬೇಕು. ದಗಾ, ಅಂದರೆ ಮೋಸ, ಕುಂತ ದೈವಕ್ಕೆ (ಕೂತು ಕೇಳುವ ಜನಕ್ಕೆ) ಮೊದಲು ತಿಳಿಯಬೇಕು, ಗಂಡನಿಗೆ ಕಟ್ಟಕಡೆಗೆ. ಆ ನಡುವಿನ ಹೊತ್ತಿನಲ್ಲೇ ಪದದ ಜೀವ ಇರುವುದು.

ಇಲ್ಲಿ ಹೇಳುವುದು ಮೂರು ಜನರ ಮೇಳಕ್ಕೆ, ಸುಮಾರು 45 ನಿಮಿಷದ ಪದಕ್ಕೆ. ಮುಂದಾಳು ದಪ್ಪು (ಕೈಯಲ್ಲಿ ಹಿಡಿದು ಬಡಿಯುವ ವಾದ್ಯ) ಹಿಡಿದು ಹಾಡುತ್ತಾರೆ. ಹಿಮ್ಮೇಳದ ಇಬ್ಬರಲ್ಲಿ ಒಬ್ಬರ ಕೈಯಲ್ಲಿ ತುಂತುಣಿ (ಮೀಟುವ ತಂತಿವಾದ್ಯ), ಇನ್ನೊಬ್ಬರ ಕೈಯಲ್ಲಿ ತಾಳ. ಹಿಮ್ಮೇಳ ಸಾಲು ಮರಳಿ ಹೇಳಿ ‘ಗೀ ಗೀ’ ಸೇರಿಸುವ ಹೊತ್ತೂ ಕೂಡಿ ಒಂದು ನುಡಿಗೆ (ಪದದ ಒಂದು ಚರಣಕ್ಕೆ) 2 ನಿಮಿಷ ಹಿಡಿಯಿರಿ. 18 ನುಡಿಗೆ 36 ನಿಮಿಷ, ಉಳಿದದ್ದು ನಡುವಿನ ಮಾತಿಗೆ.

ಮೊದಲು ಕಾಗದದ ಮೇಲೆ

ಸಾಲು ಬರೆಯುವ ಮುಂಚೆ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ದೈವಕ್ಕೆ ಗೊತ್ತಿರುವುದು, ಹೆಂಡತಿಗೆ ಗೊತ್ತಿರುವುದು, ಗಂಡನಿಗೆ ಗೊತ್ತಿರುವುದು. ಎಡಕ್ಕೆ 1ರಿಂದ 18ರವರೆಗೆ ನುಡಿ ಸಂಖ್ಯೆ ಹಾಕಿ. ಗೆಳೆಯನ ಮನಸ್ಸು ದೈವಕ್ಕೆ 4ನೇ ನುಡಿಗೆ ತಿಳಿಯಬೇಕು, ಗಂಡನಿಗೆ 15ಕ್ಕೆ. ಗಂಡನಿಗೆ 8ನೇ ನುಡಿಗೇ ತಿಳಿದುಬಿಟ್ಟರೆ ಉಳಿದ ಹತ್ತು ನುಡಿ ಬರೀ ಬಡಿದಾಟ, ಅಳು. ದೈವಕ್ಕೆ 10ರ ತನಕ ತಿಳಿಯದಿದ್ದರೆ ಅದಕ್ಕಿಂತ ಕೆಟ್ಟದ್ದು: ಗೆಳೆಯ ಆಡುವ ಸಿಹಿ ಮಾತು ಬರೀ ಸಿಹಿಯಾಗಿಯೇ ಉಳಿದು, ಅದರ ಒಳಗಿನ ಕಹಿ ಯಾರ ನಾಲಿಗೆಗೂ ತಾಕುವುದಿಲ್ಲ.

ಪಾತ್ರ ನಾಲ್ಕಕ್ಕಿಂತ ಹೆಚ್ಚು ಬೇಡ. ಗಂಡ, ಹೆಂಡತಿ, ಗೆಳೆಯ, ಜತೆಗೆ ನೋಡಿಯೂ ಬಾಯಿ ಬಿಡದ ಒಬ್ಬ ಮುದುಕಿ. ಮೂರು ದನಿಯಲ್ಲಿ ಐದನೆಯವರು ಬಂದರೆ ಯಾರು ಯಾರಿಗೆ ಹೇಳಿದರು ಎಂಬುದೇ ಕಲಸಿಹೋಗುತ್ತದೆ.

ಹೆಸರನ್ನು ಪ್ರಾಸ ನೋಡಿ ಇಡಿ. ಆದಿಪ್ರಾಸಕ್ಕೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಹೆಸರೇ ಸಾಲಿನ ಮೊದಲು ಬರುವುದು ಹೆಚ್ಚು. ‘ನಿಂಗಿ’ ಎಂದಿಟ್ಟರೆ ಹೆಂಗ, ಹಿಂಗ, ತಿಂಗಳ, ಮುಂಗಾರಿ, ಬಂಗಾರ, ಸಂಗ ಎಲ್ಲವೂ ಕೈಗೆ ಸಿಗುತ್ತವೆ. ಗಂಡನಿಗೆ ‘ಮಲ್ಲು’ ಎಂದರೆ ಇಲ್ಲ, ಅಲ್ಲ, ಬಲ್ಲ, ಕಲ್ಲ, ಎಲ್ಲ. ಗೆಳೆಯ ‘ಕಾಶಿ’ ಆದರೆ ಆಸಿ, ರಾಶಿ, ಮೀಸಿ, ಮೋಸ. ಹಾಡುವ ಕಿವಿಗೆ ಶ ಮತ್ತು ಸ ಒಂದೇ. ‘ಚಂದ್ರಶೇಖರ’ ಎಂದಿಟ್ಟವರು ಮೂರನೇ ನುಡಿಗೆ ಪ್ರಾಸ ಹುಡುಕುತ್ತ ಕಥೆಯನ್ನೇ ತಿರುಗಿಸಬೇಕಾಗುತ್ತದೆ. ಒಂದೇ ಜಾತಿಯನ್ನು ತೋರಿಸುವ ಹೆಸರು, ಊರಲ್ಲಿ ನಿಜವಾಗಿ ನಡೆದದ್ದರ ಹೆಸರು, ಎರಡೂ ಬೇಡ. ಹಾಡು ಅರ್ಧಕ್ಕೆ ನಿಂತು ಜಗಳ ಶುರುವಾಗುವುದು ಅಲ್ಲೇ, ಬದುಕಿರುವ ಒಬ್ಬ ಹೆಣ್ಣುಮಗಳು ಊರು ಬಿಡಬೇಕಾಗಿ ಬರುವುದೂ ಅಲ್ಲೇ.

ಕಾಲವನ್ನು ಎರಡನೇ ನುಡಿಯಲ್ಲೇ ಹೇಳಿ. ಈ ಸೀಮೆಗೆ ಸಹಜವಾದ ಕಾಲ ಗುಳೆಯದು: ತೊಗರಿ ರಾಶಿ ಮುಗಿದು ಜನವರಿಯಲ್ಲಿ ಮಲ್ಲು ವಾಡಿಯಲ್ಲಿ ರೈಲು ಹತ್ತಿ ಪುಣೆಗೆ ಹೋಗುತ್ತಾನೆ, ಮುಂಗಾರಿಗೆ ಮರಳುತ್ತಾನೆ. ಐದು ತಿಂಗಳು ಸಿಗುತ್ತದೆ. ಕಥೆ ಮೊಬೈಲಿಗಿಂತ ಹಿಂದಿನದಾದರೆ ಪತ್ರ ಓದಿ ಹೇಳುವವನೇ ಮೋಸ ಮಾಡಬಹುದು. ಇಂದಿನದಾದರೆ ಸುಳ್ಳು ಫೋನಿನಲ್ಲೇ ಹೋಗಬೇಕು, ನಿಂಗಿಯ ಕೈಗೆ ಫೋನು ಯಾಕೆ ಸಿಗಲಿಲ್ಲ ಎಂಬುದಕ್ಕೂ ಒಂದು ಸಾಲು ಬೇಕು. ಆ ಸಾಲು ಬಿಟ್ಟರೆ ಕೂತವರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಕುರುಹು

ಮೋಸ ಹೊರಬೀಳುವುದು ಒಂದು ವಸ್ತುವಿನಿಂದ ಆಗಲಿ. ಆ ವಸ್ತು ಒಂದೇ ಪದದಲ್ಲಿ ಹೇಳುವಂಥದ್ದಿರಬೇಕು, ಎರಡು ಅರ್ಥಕ್ಕೆ ದಾರಿ ಬಿಡಬೇಕು. ಉಂಗುರ ಸವೆದುಹೋದ ಕುರುಹು. ಕೌದಿಯ ತೇಪಿ (ಹಳೆ ಬಟ್ಟೆಯ ಹೊದಿಕೆಗೆ ಹೊಲಿದ ತುಂಡು) ನೋಡಿ: ಜಾತ್ರೆಯಲ್ಲಿ ಮಲ್ಲು ಕೊಡಿಸಿದ ಸೀರೆಯ ತುಂಡು ಕಾಶಿಯ ಮನೆಯ ಕೌದಿಯಲ್ಲಿ ಕಾಣುತ್ತದೆ. ನಿಂಗಿ ಕೂಲಿಗಾಗಿ ಹೊಲಿದುಕೊಟ್ಟಿರಬಹುದು, ಪ್ರೀತಿಯಿಂದಲೂ ಕೊಟ್ಟಿರಬಹುದು. 13, 14ನೇ ನುಡಿಯ ಸಂಶಯ ನಿಲ್ಲುವುದು ಈ ಎರಡರ ನಡುವೆ. ಕಣ್ಣಾರೆ ಹಾಸಿಗೆಯಲ್ಲಿ ನೋಡಿದ ಎಂದು ಬರೆದರೆ ಸಂಶಯಕ್ಕೆ ಜಾಗವೇ ಇಲ್ಲ, ಪದ ಅಲ್ಲಿಗೇ ಸತ್ತಿತು.

ಪಲ್ಲಕ್ಕೆ, ಅಂದರೆ ಮರಳಿ ಮರಳಿ ಬರುವ ಸಾಲಿಗೆ, ಈ ಕುರುಹನ್ನೇ ಇಡಿ. ಪ್ರತಿ ನುಡಿಯ ಕೊನೆಗೆ ಕೂಡುಪಲ್ಲವಾಗಿ ಮರಳಿ ಬರುವಾಗ ಅದೇ ಪ್ರಶ್ನೆ ಬಿಗಿಯಾಗುತ್ತ ಹೋಗುತ್ತದೆ:

ನಿಂಗಿ ನಿನ್ನ ಸೀರಿ ತೇಪಿ ಯಾರ ಕೌದ್ಯಾಗ
ಹೆಂಗ ಬಂತ ಹೇಳ ಈಗ ನಾಕ ಮಂದ್ಯಾಗ

ಎಣಿಸಿ ನೋಡಿ: ಮೂರು ಮಾತ್ರೆಯ ಐದು ಗಣ, ಕೊನೆಗೆ ಐದು ಮಾತ್ರೆ, ಒಟ್ಟು 20. ಕೊನೆಯ ‘ಗ’ವನ್ನು 4 ಮಾತ್ರೆ ಹೆಚ್ಚು ಎಳೆದರೆ 24, 6 ಮಾತ್ರೆಯ ದಾದರಾ ತಾಳದ ಸರಿಯಾಗಿ 4 ಆವರ್ತನ. ದಪ್ಪಿನ ಗಟ್ಟಿ ಪೆಟ್ಟು ಒಂದರ ಮೇಲೆ, ಹಗುರ ಪೆಟ್ಟು ನಾಲ್ಕರ ಮೇಲೆ. ಸಾಲು ಕುಂಟಿದರೆ ತಪ್ಪು ಸಾಮಾನ್ಯವಾಗಿ ಒತ್ತಕ್ಷರದಲ್ಲಿರುತ್ತದೆ: ಒತ್ತಕ್ಷರದ ಹಿಂದಿನ ಅಕ್ಷರ ಎರಡು ಮಾತ್ರೆ ಎಂಬುದು ಬರೆಯುವ ಕೈಗೆ ಮರೆಯುತ್ತದೆ, ಹಾಡುವ ಗಂಟಲಿಗೆ ಮರೆಯುವುದಿಲ್ಲ.

ಪದದ ಆಯ್ಕೆಯಲ್ಲಿ ಗಂಟಲನ್ನು ಕೇಳಿ. ‘ವಂಚನೆ’ ಪುಸ್ತಕದ ಮಾತು, ಎಳೆದರೆ ದನಿ ಕಿರಿದಾಗುತ್ತದೆ. ‘ದಗಾ’ ನಮ್ಮ ಕಡೆ ಎಲ್ಲರ ಬಾಯಲ್ಲಿದೆ, ಕೊನೆಗೆ ಬಾಯಿ ಪೂರ್ತಿ ತೆರೆಯುತ್ತದೆ, ಹಿಮ್ಮೇಳದ ‘ಗೀ ಗೀ’ ಅದೇ ಗಕಾರ ಹಿಡಿದು ಏಳುತ್ತದೆ.

ಸುಳ್ಳನ್ನು ಹಾಡುವುದು

ಹೆಚ್ಚಿನ ಮೇಳಗಳು ಎಡವುವುದು ಇಲ್ಲಿ. ಸುಳ್ಳು ಬಂದ ತಕ್ಷಣ ಧಾಟಿ ಬದಲಿಸುತ್ತಾರೆ, ಕಣ್ಣು ಹೊಡೆಯುತ್ತಾರೆ, ಮೀಸೆ ತಿರುವುತ್ತಾರೆ. ದೈವ ನಗುತ್ತದೆ, ಮಲ್ಲು ದಡ್ಡನಾಗುತ್ತಾನೆ. ದಡ್ಡನಿಗೆ ಆದ ಮೋಸಕ್ಕೆ ಯಾರ ಹೊಟ್ಟೆಯೂ ಉರಿಯುವುದಿಲ್ಲ. ಸುಳ್ಳನ್ನು ಖರೆಯ ಧಾಟಿಯಲ್ಲೇ, ಖರೆಯಷ್ಟೇ ಮೆತ್ತಗೆ ಹಾಡಬೇಕು. ಫೋನಿನಲ್ಲಿ ಕಾಶಿ ಹೇಳುವುದು ಹೀಗಿರಲಿ:

ಮಲ್ಲು ಅಣ್ಣ ಚಿಂತಿ ಬ್ಯಾಡ ಮನಿಯ ಕಾಯ್ತೀನಿ
ಇಲ್ಲಿ ನಿನ್ನ ಹೊಲಕ ನೀರ ನಾನ ಹಾಯ್ಸ್ತೀನಿ

ಇದರಲ್ಲಿ ಒಂದೂ ಸುಳ್ಳು ಪದವಿಲ್ಲ. ಮನೆ ಕಾಯುತ್ತಾನೆ, ಬಾವಿಯ ಹೊಲಕ್ಕೆ ನೀರೂ ಹಾಯಿಸುತ್ತಾನೆ. ನಾಲ್ಕನೇ ನುಡಿ ಕೇಳಿದ ದೈವಕ್ಕೆ ಮಾತ್ರ ಇದರ ಇನ್ನೊಂದು ಅರ್ಥ ಚುಚ್ಚುತ್ತದೆ. ಗಂಡ ಮಾತ್ರ ‘ಆಯ್ತಪಾ ತಮ್ಮಾ, ನೀ ಅದಿಯಲ್ಲ’ ಎಂದು ಫೋನು ಇಡುತ್ತಾನೆ. ಈ ಎರಡು ಸಾಲನ್ನು 5ರಿಂದ 9ನೇ ನುಡಿಯೊಳಗೆ ಮೂರು ಸಲ ತನ್ನಿ, ಅಕ್ಷರವೂ ಬದಲಾಗದಂತೆ. ಸುಳ್ಳನ್ನು ಇಳುವಿನಲ್ಲಿ, ಕೆಳಗಿನ ದನಿಯಲ್ಲಿಡಿ. ಏರನ್ನು ಮಲ್ಲುವಿಗೆ ತಿಳಿಯುವ ನುಡಿಗೆ ಕಾದಿಡಿ. ಎರಡನ್ನೂ ಏರಿನಲ್ಲಿಟ್ಟರೆ 12ನೇ ನುಡಿಗೆ ಗಂಟಲು ಕೈ ಕೊಡುತ್ತದೆ.

ಹಾಗಾದರೆ ಸುಳ್ಳಿಗೆ ಗುರುತೇನು? ತುಂತುಣಿ. ಸುಳ್ಳು ಹೇಳುವ ಎರಡು ಸಾಲಿಗೆ ತುಂತುಣಿ ನಿಲ್ಲಲಿ, ದಪ್ಪು ಮತ್ತು ತಾಳ ನಡೆಯಲಿ. ಮೊದಲ ಸಲ ಯಾರಿಗೂ ಗೊತ್ತಾಗುವುದಿಲ್ಲ, ಕಾಲ ಕೆಳಗಿನ ನೆಲ ಸರಿದಂತೆ ಏನೋ ಒಂದು ಅನಿಸುತ್ತದೆ ಅಷ್ಟೇ. ಮೂರನೇ ಸಲಕ್ಕೆ ದೈವ ತಾನಾಗಿ ತುಂತುಣಿಯವರ ಕೈ ನೋಡುತ್ತದೆ. ನಿಂಗಿ ಸುಳ್ಳು ಹೇಳಿದಾಗಲೂ ನಿಲ್ಲಲಿ, ಅವಳಿಗೊಂದು ನ್ಯಾಯ ಅವನಿಗೊಂದು ನ್ಯಾಯ ಆಗಬಾರದು. 15ನೇ ನುಡಿಯಲ್ಲಿ ಪಂಚರ ಮುಂದೆ ಕಾಶಿ ಆಣೆ ಮಾಡುವಾಗ ತುಂತುಣಿ ಮತ್ತೆ ನಿಲ್ಲುತ್ತದೆ. ಈ ಸಲ ಮಲ್ಲುವಾಗಿ ಹಾಡುತ್ತಿರುವ ಮುಂದಾಳು ದಪ್ಪನ್ನೂ ನಿಲ್ಲಿಸಿ ತುಂತುಣಿಯ ಕಡೆ ತಿರುಗಬೇಕು. ಎರಡು ಆವರ್ತನ ಪೂರಾ ಮೌನ. ಗಂಡನಿಗೆ ಈಗ ಕೇಳಿಸಿತು. ಇಷ್ಟು ಹೊತ್ತು ಕಾದದ್ದು ಈ ಮೌನಕ್ಕೆ, ಇದನ್ನು ಅವಸರದಲ್ಲಿ ತುಂಬಬೇಡಿ.

ನಿಲ್ಲಿಸುವ ಜಾಗವನ್ನು ಪ್ರಾಸದ ಪದಕ್ಕೆ ಕಟ್ಟಿ: ‘ಮಲ್ಲು’ ಎಂದಾಗ ಬೆರಳು ತಂತಿಯ ಮೇಲೆ, ‘ಹಾಯ್ಸ್ತೀನಿ’ ಮುಗಿದು ಒಂದರ ಪೆಟ್ಟಿಗೆ ಮತ್ತೆ ಮೀಟು. ಸನ್ನೆಗಾಗಿ ಮುಂದಾಳಿನ ಮುಖ ನೋಡುತ್ತ ಕೂತರೆ ಅರ್ಧ ಸಾಲು ತಡವಾಗುತ್ತದೆ. ಹಿಮ್ಮೇಳ ಇಡೀ ಸುಳ್ಳನ್ನು ಮರಳಿ ಹೇಳಬಾರದು, ಹೇಳಿದರೆ ಹಿಮ್ಮೇಳವೂ ಕಾಶಿಯ ಪಾಲುದಾರನಾಗುತ್ತದೆ. ಕೊನೆಯ ಪದವನ್ನು ಮಾತ್ರ ಕೇಳುವ ದನಿಯಲ್ಲಿ ಹಿಡಿಯಲಿ: ‘ಕಾಯ್ತೀನಿ?’

ನಿಂಗಿಯ ಪಾಲು

ಅವಳಿಗೆ ಅವಳದೇ ಬಾಯಿಂದ ಕಡಿಮೆ ಎಂದರೆ ನಾಲ್ಕು ನುಡಿ ಕೊಡಿ, ಒಂದನ್ನು 10ನೆಯದರಲ್ಲೇ. ಬರೀ ಕೊನೆಗೆ ಅಳಲು ಬರುವ ನಿಂಗಿ ಕಥೆಗೆ ಬೇಕಿಲ್ಲ. ಹರದೇಶಿ-ನಾಗೇಶಿ ವಾದದಲ್ಲಿ ಗಂಡಿನ ಪರ ಹರದೇಶಿ ಹಾಡಿದರೆ ಹೆಣ್ಣಿನ ಪರ ಹಾಡುವ ನಾಗೇಶಿಯ ವರಸೆ ನಮ್ಮಲ್ಲೇ ಇದೆ, ಅದನ್ನು ಇಲ್ಲಿ ತನ್ನಿ. ಎರಡು ಮೇಳ ಸಿಕ್ಕರೆ ನಿಂಗಿಯ ನುಡಿಯನ್ನು ನಾಗೇಶಿ ಮೇಳಕ್ಕೇ ಬಿಡುವುದು ಇನ್ನೂ ಚೆಂದ. ಅವಳು ತಪ್ಪು ಮಾಡಿಲ್ಲ ಎಂದು ತೊಳೆಯುವ ಅಗತ್ಯವಿಲ್ಲ. ಐದು ತಿಂಗಳ ಒಂಟಿತನ, ಕಾಶಿ ‘ಮಲ್ಲು ನಿನ್ನ ಹೆಸರೂ ತೆಗೀಲಿಲ್ಲ ಅಕ್ಕಾ’ ಎಂದು ಆಡಿದ ಇನ್ನೊಂದು ಸುಳ್ಳು, ಅವಳ ಸ್ವಂತ ಆಸೆ, ಮೂರೂ ಬರಲಿ. ಕಾಶಿಯ ‘ಹೊಲ’ಕ್ಕೆ ಅವಳೇ ಉತ್ತರ ಕೊಡಲಿ:

ಹೊಲವು ಅಲ್ಲ ನಾನು ನಿಮ್ಮ ಬೀಜ ಬಿತ್ಲಾಕ
ನೆಲವು ಅಲ್ಲ ನಾನು ನಿಮ್ಮ ಕಾಲ ತುಳಿಲಾಕ

‘ನಿನ್ನ’ ಅಲ್ಲ, ‘ನಿಮ್ಮ’: ಇಬ್ಬರಿಗೂ ಸೇರಿಸಿ. ಈ ನುಡಿಗೆ ತುಂತುಣಿ ಗಟ್ಟಿಯಾಗಿ ನಡೆಯಲಿ. ಲಾವಣಿ ಧಾಟಿಗೆ ರಾಗದ ಕಟ್ಟುನಿಟ್ಟಿಲ್ಲ, ಆದರೂ ಹಾರ್ಮೋನಿಯಂ ಜತೆಗಿದ್ದರೆ ಇಲ್ಲಿ ಜೋಗಿಯಾ ರಾಗದ ಎಳೆ ಹಿಡಿಯಬಹುದು. ಕೋಮಲ ರಿಷಭ, ಕೋಮಲ ಧೈವತ ಬಂದೊಡನೆ ಗದ್ದಲ ತಾನಾಗಿ ಇಳಿಯುತ್ತದೆ.

ಕೊಡಲಿಯ ಕೊನೆ ಈ ಕಥೆಗಳ ಹಳೆಯ ಚಾಳಿ. ಹೆಂಡತಿಯನ್ನು ಕಡಿದ ಗಂಡನಿಗೆ ಸೀಟಿ ಬೀಳುವಂತೆ ಬರೆಯುವುದು ತಪ್ಪು. ರಕ್ತ ಬರಲೇಬೇಕಾದರೆ ದಪ್ಪು ಬಿಟ್ಟು, ಬರೀ ಮಾತಿನಲ್ಲಿ, ಎರಡು ವಾಕ್ಯದಲ್ಲಿ ಹೇಳಿ. ಪೊಲೀಸರನ್ನು ತರುವವರು ಕಾನೂನನ್ನೂ ಸರಿ ಇಡಬೇಕು. ಹಾದರವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿತು. ಅದಕ್ಕೂ ಮುಂಚೆ ಆ ಕಲಮಿನಡಿ ಪರಪುರುಷನಿಗೆ ಮಾತ್ರ ಶಿಕ್ಷೆಯಿತ್ತು, ಹೆಂಡತಿಗೆ ಇರಲಿಲ್ಲ. ಹಾಗಾಗಿ ‘ನಿಂಗಿಗೆ ಬೇಡಿ ಹಾಕ್ಯಾರ’ ಎಂಬ ಸಾಲು ಇಂದಿನ ಕಥೆಗೂ ಸುಳ್ಳು, ಅಂದಿನ ಕಥೆಗೂ ಸುಳ್ಳು. ಸೋಡಚೀಟಿ (ವಿಚ್ಛೇದನ) ಬೇರೆ ಮಾತು, ಅದಕ್ಕೆ ಹಾದರ ಈಗಲೂ ಕಾರಣವಾಗುತ್ತದೆ.

ನಮ್ಮ ಆಯ್ಕೆ ಬೇರೆ. ನಿಂಗಿಯ ಉತ್ತರವಾದ ಮೇಲೆ 17ನೇ ನುಡಿಯ ಕೂಡುಪಲ್ಲದಲ್ಲಿ ಪ್ರಶ್ನೆಯ ಮುಖ ತಿರುಗಲಿ:

ಕಾಶಿ ನಿನ್ನ ಮಾತ ಸೂಜಿ ಯಾರ ಕೌದ್ಯಾಗ
ಮೋಸ ಹೊಲಿದಿ ಹೇಳ ಈಗ ನಾಕ ಮಂದ್ಯಾಗ

ಹದಿನಾರು ಸಲ ನಿಂಗಿಯನ್ನೇ ಕೇಳಿದ ಪಲ್ಲ ಕಾಶಿಯ ಕಡೆ ತಿರುಗಿದ್ದು ಕೂತವರಿಗೆ ತಟ್ಟಬೇಕಾದರೆ, ಮೊದಲಿನ ಹದಿನಾರರಲ್ಲಿ ಒಂದಕ್ಷರವೂ ಅತ್ತಿತ್ತ ಆಗಿರಬಾರದು.

ವಾದ್ಯ, ಮೈಕು, ಹೊತ್ತು

ತೊಗಲಿನ ದಪ್ಪು ಚಳಿಗೆ, ಮಳೆಗಾಳಿಗೆ ಸಡಿಲಾಗುತ್ತದೆ. ಬೆಂಕಿಯಿಂದ ಮೊಳ ದೂರ ಹಿಡಿದು ತಿರುಗಿಸುತ್ತ ಕಾಯಿಸಿ. ಒಂದೇ ಕಡೆ ಕಾಯಿಸಿದರೆ ತೊಗಲು ಬಿರಿಯುತ್ತದೆ. ಫೈಬರ್ ದಪ್ಪನ್ನು ಬೆಂಕಿಗೆ ಹಿಡಿಯಲೇಬೇಡಿ. ತುಂತುಣಿಯನ್ನು ಮುಂದಾಳಿನ ಷಡ್ಜಕ್ಕೆ ಕೂಡಿಸಿ, 9ನೇ ನುಡಿಯ ನಂತರದ ಮಾತಿನಲ್ಲಿ ಇನ್ನೊಮ್ಮೆ ನೋಡಿ. ಇಳಿದ ತಂತಿ 15ನೆಯದರ ಮೌನದ ಮೇಲೆ ಬೇಸೂರಾಗಿ ಬಂದರೆ ಎಲ್ಲ ವ್ಯರ್ಥ. ತುಂತುಣಿಗೆ ಬೇರೆ ಮೈಕು ಬೇಕು. ದಪ್ಪಿನ ಜತೆ ಒಂದೇ ಮೈಕಿಟ್ಟರೆ ಅದು ನಿಂತದ್ದು ಯಾರಿಗೂ ಕೇಳಿಸುವುದಿಲ್ಲ.

ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ತಡೆಯಿದೆ. ಜಾತ್ರೆಗೆ 12ರವರೆಗೆ ಸಡಿಲಿಕೆ ಸಿಕ್ಕಿದೆಯೇ ಎಂದು ಕಮಿಟಿಯವರನ್ನು ಮುಂಚೆಯೇ ಕೇಳಿ. ಸಿಗದಿದ್ದರೆ 9 ಗಂಟೆಯೊಳಗೆ ಪದ ಎತ್ತಿ, ಇಲ್ಲವೇ ಮೈಕಿಲ್ಲದೆ ಹಾಡುವ ಲೆಕ್ಕದಲ್ಲಿ ದೈವವನ್ನು ಹತ್ತಿರ ಕೂಡಿಸಿ.

ಅಂಕಿತ 18ನೆಯದರಲ್ಲಿ ಬರಲಿ: ಊರು, ಗುರು, ಕಟ್ಟಿದವರ ಹೆಸರು. ನಿಂಗಿಯ ಮಾತಿಗೆ ಅಂಟಿಸಿ ಅಂಕಿತ ಹಾಕಬೇಡಿ. ಅವಳ ನುಡಿ ಮುಗಿದು, ತಿರುಗಿದ ಪಲ್ಲ ಎರಡು ಸಲ ನಡೆದು, ತುಂತುಣಿ ಮಾತ್ರ ನಾಲ್ಕು ಆವರ್ತನ ನುಡಿದ ಮೇಲೆ ಅಂಕಿತ ಎತ್ತಿ.