ಬ್ರೇಕಿಯೋರೇಡಿಯಾಲಿಸ್: ನಿಮ್ಮ ಮುಂಗೈಯಲ್ಲೇ ಹುಡುಕಿ ನೋಡಿ

ಬೈಸೆಪ್ಸ್ ಎಲ್ಲಿ ಅಂತ ಕೇಳಿದರೆ ಚಿಕ್ಕ ಮಕ್ಕಳೂ ತೋಳು ಮಡಚಿ ತೋರಿಸುತ್ತಾರೆ. ಅದರ ಜೊತೆಯಲ್ಲೇ ಮೊಣಕೈ ಮಡಚುವ ಇನ್ನೊಂದು ಸ್ನಾಯುವನ್ನು ಯಾರೂ ವಿಚಾರಿಸುವುದಿಲ್ಲ. ಅದರ ಹೆಸರು ಬ್ರೇಕಿಯೋರೇಡಿಯಾಲಿಸ್. ಹೆಸರು ನಾಲಿಗೆಗೆ ಕಷ್ಟ, ಹುಡುಕುವುದು ಸುಲಭ. ಒಂದು ಭಾರದ ಮೇಜು ಇದ್ದರೆ ಸಾಕು.

ಮೊದಲು ಮೇಜಿನ ಮುಂದೆ ಕೂತು ಬಲ ಮೊಣಕೈಯನ್ನು 90 ಡಿಗ್ರಿ ಮಡಚಿ. ಮುಷ್ಟಿ ಕಟ್ಟಿ. ಹೆಬ್ಬೆರಳಿನ ಬದಿ ಮೇಲಕ್ಕಿರಲಿ. ಮುಷ್ಟಿಯನ್ನು ಮೇಜಿನ ಅಡಿಗೆ ಕೊಟ್ಟು ಮೇಲಕ್ಕೆ ಒತ್ತಿ. ಮೊಣಕೈ ಮಡಿಕೆಯ ಪಕ್ಕ, ಹೆಬ್ಬೆರಳಿನ ಕಡೆಗೆ, ದಪ್ಪನೆಯ ಉಬ್ಬು ಏಳುತ್ತದೆ. ಎಡಗೈಯಿಂದ ಹಿಡಿದು ನೋಡಿ, ಗಟ್ಟಿಯಾಗಿರುತ್ತದೆ. ಒತ್ತುವುದು ನಿಲ್ಲಿಸಿದರೆ ಮೆತ್ತಗಾಗುತ್ತದೆ. ಅದೇ ಇದು.

ಇಲ್ಲಿ ಒಂದು ಎಚ್ಚರ. ಸುಮ್ನೆ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದಾಗ ಉಬ್ಬುವುದು ಇದಲ್ಲ, ಇದರ ಪಕ್ಕದವು. ನಮ್ಮ ಸ್ನಾಯು ಮಣಿಕಟ್ಟಿನ ಕೀಲನ್ನು ದಾಟುವುದೇ ಇಲ್ಲ.

ಈಗ ಮತ್ತೆ ಒತ್ತುತ್ತಾ ಉಬ್ಬಿನ ಗುಂಟ ಬೆರಳು ಸರಿಸಿ. ಮೇಲಕ್ಕೆ ಹೋದರೆ ಅದು ಮೊಣಕೈಯನ್ನೂ ದಾಟಿ ತೋಳಿನ ಮೂಳೆಯ ಹೊರ ಅಂಚಿಗೆ ಸೇರುತ್ತದೆ. ಕೆಳಕ್ಕೆ ಬಂದರೆ ಮುಂಗೈಯ ನಡುವಿನ ಹೊತ್ತಿಗೆ ಮಾಂಸ ಮುಗಿದು ಚಪ್ಪಟೆ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ, ಆಗುತ್ತದೆ. ಅದು ಹೆಬ್ಬೆರಳಿನ ಬುಡದ ಹಿಂದೆ, ಮಣಿಕಟ್ಟಿನ ಗಂಟುಮೂಳೆಗೆ ಸ್ವಲ್ಪ ಮೊದಲೇ ಅಂಟಿಕೊಳ್ಳುತ್ತದೆ. ನಾಡಿ ಹಿಡಿಯುವ ಜಾಗ ಈ ಟೆಂಡನ್‌ನ ಒಳಮಗ್ಗುಲಲ್ಲೇ ಇದೆ.

ಈ ಎರಡು ತುದಿಗಳೇ ಅದರ ಹೆಸರು. ಲ್ಯಾಟಿನ್‌ನಲ್ಲಿ ಬ್ರೇಕಿಯಂ ಎಂದರೆ ತೋಳು. ರೇಡಿಯಸ್ ಎಂದರೆ ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯದು. ಹಳೆಯ ಪುಸ್ತಕಗಳಲ್ಲಿ ಇದನ್ನು ಸುಪೈನೇಟರ್ ಲಾಂಗಸ್ ಎನ್ನುತ್ತಿದ್ದರು, ಅಂದರೆ ಅಂಗೈಯನ್ನು ಮೇಲ್ಮುಖ ಮಾಡುವ ಉದ್ದನೆಯ ಸ್ನಾಯು. ಅದು ಅರ್ಧ ಮಾತ್ರ ನಿಜ. ಅಂಗೈ ಕೆಳಗಿದ್ದರೆ ಇದು ನಡುವಿನವರೆಗೆ, ಅಂದರೆ ಹೆಬ್ಬೆರಳು ಮೇಲೆ ಬರುವವರೆಗೆ ತಿರುಗಿಸುತ್ತದೆ, ಅಷ್ಟೇ. ಅಂಗೈ ಮೇಲಿದ್ದರೂ ವಾಪಸ್ ನಡುವಿಗೇ ತರುತ್ತದೆ. ಕೆಲಸ ನೋಡಿ ಇಟ್ಟ ಹೆಸರಿಗಿಂತ ಜಾಗ ನೋಡಿ ಇಟ್ಟದ್ದೇ ವಾಸಿ ಅಲ್ವಾ? ಜಿಮ್‌ನಲ್ಲಿ ಹೆಬ್ಬೆರಳು ಮೇಲೆ ಮಾಡಿ ಹ್ಯಾಮರ್ ಕರ್ಲ್ (ಡಂಬೆಲ್ ಹಿಡಿದು ಮೊಣಕೈ ಮಡಚುವ ವ್ಯಾಯಾಮ) ಮಾಡಿಸುವುದು ಇದಕ್ಕೇ. ಆ ನಡು ಭಂಗಿಯಲ್ಲಿ ಇದರ ಬಲ ಜಾಸ್ತಿ.

ವಿದ್ಯಾರ್ಥಿಗಳು ಎಡವುವುದು ನರದ ವಿಷಯದಲ್ಲಿ. ಇದಕ್ಕೆ ಬರುವುದು ರೇಡಿಯಲ್ ನರ. ಆ ನರ ಸಾಮಾನ್ಯವಾಗಿ ಕೈ ನೇರ ಮಾಡುವ ಸ್ನಾಯುಗಳದ್ದು, ಇದೋ ಮೊಣಕೈ ಮಡಚುವಂಥದ್ದು. ವೈದ್ಯರು ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ಈ ಟೆಂಡನ್ ಮೇಲೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಮೊಣಕೈ ತಟಕ್ಕನೆ ಒಂಚೂರು ಮಡಚಿದರೆ ಕುತ್ತಿಗೆಯಿಂದ ಹೊರಡುವ ಸಿ5, ಸಿ6 ನರಬೇರುಗಳ ದಾರಿ ಸರಿಯಿದೆ ಎಂದು ಲೆಕ್ಕ.