ಕನ್ನಡ ವಿಕಿಪೀಡಿಯದಲ್ಲಿ ಹಟದ ಸಂಪಾದನೆ: ನಾನು ನಿಭಾಯಿಸುವ ಬಗೆ

ಪುಟವನ್ನೆಲ್ಲ ಅಳಿಸಿ ‘ಹಾಯ್ ಫ್ರೆಂಡ್ಸ್’ ಅಂತ ಬರೆದು ಹೋಗುವವರಿಂದ ವಿಕಿಪೀಡಿಯಕ್ಕೆ ದೊಡ್ಡ ತೊಂದರೆಯೇನೂ ಇಲ್ಲ. ಪುಟದ ಇತಿಹಾಸ ತೆರೆದು ಹಿಂದಿನ ಆವೃತ್ತಿಗೆ ಮರಳಿಸಿದರೆ ಮುಗೀತು. ಮೊಬೈಲಲ್ಲಿ ಸುಮ್ನೆ ಬೆರಳಾಡಿಸಿದವರು, ತಮ್ಮೂರಿನ ಪುಟದ ‘ಪ್ರಮುಖ ವ್ಯಕ್ತಿಗಳು’ ಪಟ್ಟಿಗೆ ಗೆಳೆಯನ ಹೆಸರು ಸೇರಿಸಿದವರು, ಮಾರ್ಕ್ಸಿಗಾಗಿ ಎಲ್ಲಿಂದಲೋ ಕಾಪಿ ಮಾಡಿ ಹಾಕಿದ ಕಾಲೇಜು ಹುಡುಗರು, ಇವರನ್ನು ನಾನು ಕಿಡಿಗೇಡಿಗಳ ಲೆಕ್ಕಕ್ಕೇ ಸೇರಿಸುವುದಿಲ್ಲ. ಚರ್ಚೆಪುಟದಲ್ಲಿ ನಾಲ್ಕು ಒಳ್ಳೆ ಮಾತು ಬರೆದರೆ ಇವರಲ್ಲೇ ಕೆಲವರು ಪಳಗಿದ ಸಂಪಾದಕರಾಗುತ್ತಾರೆ.

ನಿದ್ದೆ ಕೆಡಿಸುವವರು ಬೇರೆ. ಅವರು ಅಚ್ಚುಕಟ್ಟಾಗಿ ಬರೆಯುತ್ತಾರೆ. ಉಲ್ಲೇಖ ಕೊಡುತ್ತಾರೆ. ತಮ್ಮ ಮಾತೇ ನಿಜ ಅಂತ ಮನಸಾರೆ ನಂಬಿರುತ್ತಾರೆ. ಇಂಥವರ ಜೊತೆ ವರ್ಷಗಟ್ಟಲೆ ಏಗಿ ನನ್ನದೇ ಒಂದು ರೀತಿ ಮಾಡಿಕೊಂಡಿದ್ದೇನೆ. ನಾನು ನಿರ್ವಾಹಕನಲ್ಲ. ಪುಟಕ್ಕೆ ಬೀಗ ಹಾಕುವ, ಯಾರದೋ ಖಾತೆ ತಡೆಯುವ ಅಧಿಕಾರ ನನಗಿಲ್ಲ. ಇರುವುದು ಮಾತು ಮತ್ತು ತಾಳ್ಮೆ ಎರಡೇ.

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಈಗ 30 ಸಾವಿರಕ್ಕೂ ಜಾಸ್ತಿ ಲೇಖನಗಳಿವೆ. 70 ಲಕ್ಷ ದಾಟಿದ ಇಂಗ್ಲಿಷ್ ವಿಕಿಪೀಡಿಯದ ಮುಂದೆ ಇದು ಚಿಕ್ಕದೇ. ಆದರೆ ಅಲ್ಲಿ ಕಾವಲಿಗೆ ಸಾವಿರಾರು ಕಣ್ಣುಗಳಿವೆ, ತಾವಾಗಿಯೇ ಕೆಲಸ ಮಾಡುವ ಬಾಟು ಎಂಬ ಪ್ರೋಗ್ರಾಮುಗಳಿವೆ. ನಮ್ಮಲ್ಲಿ ದಿನಾ ಬಂದು ನೋಡುವವರು ಬೆರಳೆಣಿಕೆಯಷ್ಟು ಜನ. ತಪ್ಪು ಸಾಲೊಂದು ಸೇರಿದರೆ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಅಷ್ಟರಲ್ಲಿ ಅದನ್ನು ಯಾರೋ ಪತ್ರಿಕೆಯಲ್ಲಿ ಬಳಸಿರುತ್ತಾರೆ, ಆಮೇಲೆ ಅದೇ ಪತ್ರಿಕೆ ಆ ಸಾಲಿಗೆ ಉಲ್ಲೇಖವಾಗಿ ವಾಪಸ್ ಬರುತ್ತದೆ!

ಹಾಗಾಗಿ ಬೆಳಿಗ್ಗೆ ಕಾಫಿ ಹೊತ್ತಿಗೆ ‘ಇತ್ತೀಚೆಗಿನ ಬದಲಾವಣೆಗಳು’ ಪುಟದ ಮೇಲೆ ಕಣ್ಣಾಡಿಸುತ್ತೇನೆ. ಪ್ರತಿ ಸಂಪಾದನೆಯ ಮುಂದೆ ಎಷ್ಟು ಬೈಟ್ (ಕಂಪ್ಯೂಟರಿನಲ್ಲಿ ಬರಹದ ಗಾತ್ರದ ಅಳತೆ) ಕೂಡಿತು, ಎಷ್ಟು ಕಳೆಯಿತು ಅಂತ ಆವರಣದಲ್ಲಿ ಇರುತ್ತದೆ. ಕೆಂಪು ಬಣ್ಣದ ದೊಡ್ಡ ಮೈನಸ್ ಸಂಖ್ಯೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನಾನು ಹುಡುಕುವುದು ಸೊನ್ನೆಯನ್ನು. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟ್. ‘ಆಳಿದನು’ ಅನ್ನುವುದನ್ನು ‘ಆಳಿದರು’ ಮಾಡಿದರೆ ವ್ಯತ್ಯಾಸ ಸೊನ್ನೆ. ಇಸವಿಯ ಒಂದು ಅಂಕಿ ಬದಲಿಸಿದರೂ ಸೊನ್ನೆಯೇ. ಕನ್ನಡದಲ್ಲಿ ಪಕ್ಷಪಾತ ಎಷ್ಟೋ ಸಲ ಈ ಸೊನ್ನೆಯಲ್ಲೇ ಅಡಗಿರುತ್ತದೆ.

ಟಿಪ್ಪು ಸುಲ್ತಾನ್ ವಿಷಯದಲ್ಲಿ ಇದನ್ನು ಚೆನ್ನಾಗಿ ನೋಡಿದೆ. ರಾಜ್ಯ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿದ್ದು 2015ರಲ್ಲಿ, ನಿಲ್ಲಿಸಿದ್ದು 2019ರಲ್ಲಿ. ಹೊರಗಿನ ಆ ಜಗಳ ಒಳಗೂ ಬಂತು. ಒಬ್ಬರು ಟಿಪ್ಪುವಿನ ಸಾಲುಗಳನ್ನೆಲ್ಲ ಬಹುವಚನ ಮಾಡಿದರು. ಇನ್ನೊಬ್ಬರು ಬಂದು ಏಕವಚನ ಮಾಡಿದರು. ಮತ್ತೆ ರು, ಮತ್ತೆ ನು. ಒಂದೂ ಹೊಸ ವಿಷಯ ಸೇರಲಿಲ್ಲ.

ಚರ್ಚೆಪುಟದಲ್ಲಿ ನಾನು ಟಿಪ್ಪುವಿನ ಬಗ್ಗೆ ಮಾತೇ ಎತ್ತಲಿಲ್ಲ. ‘ಪುಲಕೇಶಿಗೆ, ಕೃಷ್ಣದೇವರಾಯನಿಗೆ ಏನು ಬರೆಯುತ್ತೇವೆ?’ ಅಂತ ಮಾತ್ರ ಕೇಳಿದೆ. ಚರಿತ್ರೆಯ ಪುಸ್ತಕಗಳಲ್ಲಿ ಹಳೆಯ ರಾಜರಿಗೆ ಏಕವಚನವೇ ರೂಢಿ, ಅದರಲ್ಲಿ ಅಗೌರವ ಏನಿಲ್ಲ ಅಂತ ಇಬ್ಬರೂ ಒಪ್ಪಿದರು. ಆದರೆ ಮೂರನೆಯವರೊಬ್ಬರು, ‘ಹಾಗಾದ್ರೆ ನಾಲ್ವಡಿಯವರಿಗೂ ಏಕವಚನವೇ ಸಾರ್?’ ಅಂದರು. ಎಲ್ಲರೂ ಗಪ್‌ಚುಪ್. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ‘ಆಳಿದನು’ ಅಂತ ಬರೆಯಲು ನನ್ನ ಕೈಯೂ ಬರುವುದಿಲ್ಲ, ನಿಜ ಹೇಳಬೇಕೆಂದರೆ. ಕೊನೆಗೆ ಜಗಳ ತಂದ ಕ್ರಿಯಾಪದವನ್ನೇ ತೆಗೆದೆವು. ‘ಟಿಪ್ಪುವಿನ ಆಳ್ವಿಕೆ 1782ರಿಂದ 1799ರವರೆಗೆ’ ಅಂತ ಬರೆದರೆ ಅಲ್ಲಿ ನುವೂ ಇಲ್ಲ, ರುವೂ ಇಲ್ಲ. ಎಲ್ಲ ಸಾಲಿಗೂ ಈ ಉಪಾಯ ನಡೆಯುವುದಿಲ್ಲ. ಪೀಠಿಕೆಯ ಮಟ್ಟಿಗಂತೂ ನಡೆಯಿತು.

ಈಗಲೂ ನಾನು ಹೀಗೇ ಮಾಡುತ್ತೇನೆ. ಒಂದು ಪುಟದ ಜಗಳವನ್ನು ಆ ಪುಟದೊಳಗೇ ಬಿಡಿಸಲು ಹೋಗಬಾರದು. ಅದೇ ಬಗೆಯ ಬೇರೆ ಪುಟಗಳಲ್ಲಿ ಏನು ಮಾಡುತ್ತೇವೆ ಅಂತ ಕೇಳಬೇಕು. ದೊಡ್ಡ ವಿಷಯವಾದರೆ ಅರಳಿಕಟ್ಟೆಗೆ ಒಯ್ಯಬೇಕು. ನಮ್ಮ ವಿಕಿಪೀಡಿಯದ ಸಮುದಾಯ ಚರ್ಚೆಯ ಪುಟಕ್ಕೆ ಅದೇ ಹೆಸರು. ಹಳ್ಳಿ ಕಟ್ಟೆಯ ಹಾಗೇ ಅಲ್ಲೂ ಮಾತು ದಾರಿ ತಪ್ಪುವುದುಂಟು, ಆದರೂ ಹತ್ತು ಜನರ ಎದುರು ಹಟ ಹಿಡಿಯುವುದು ಸ್ವಲ್ಪ ಕಷ್ಟ.

ಜಾತಿಯ ವಿಷಯ ಇಷ್ಟು ಸಲೀಸಲ್ಲ. ನಾನು ಅತಿ ಹೆಚ್ಚು ಹೊತ್ತು ಕಳೆದಿರುವುದು ಅದರಲ್ಲೇ. ಒಂದು ಸಮುದಾಯದ ಪುಟಕ್ಕೆ ಯಾರೋ ಬಂದು ‘ಇವರು ಮೂಲತಃ ಕ್ಷತ್ರಿಯರು’ ಅಂತ ಸೇರಿಸುತ್ತಾರೆ. ಉಲ್ಲೇಖವೂ ಇರುತ್ತದೆ: ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಹೊರತಂದ ಏಳು ಸಂಪುಟಗಳು. ಹೊಸಬರಿಗೆ ಇದು ಗಟ್ಟಿ ಆಧಾರದಂತೆ ಕಾಣುತ್ತದೆ. ನೂರು ವರ್ಷ ಹಳೆಯದು, ಇಂಗ್ಲಿಷಿನದು, ದೊರೆ ಬರೆದದ್ದು, ಇನ್ನೇನು ಬೇಕು?

ಥರ್ಸ್ಟನ್ ಮದ್ರಾಸ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಜನರ ಮೂಗು, ತಲೆ ಅಳೆದು ಜಾತಿಗಳನ್ನು ವಿಂಗಡಿಸಬಹುದು ಅಂತ ನಂಬಿದ್ದ ಕಾಲದವನು. 1901ರ ಜನಗಣತಿಯಲ್ಲಿ ಅದರ ಮುಖ್ಯಸ್ಥ ರಿಸ್ಲಿ ಜಾತಿಗಳನ್ನು ಮೇಲು ಕೀಳು ಅಂತ ಸಾಲು ಹಿಡಿಸಲು ಹೊರಟಾಗ, ನಮ್ಮನ್ನು ಮೇಲಿನ ಸಾಲಿಗೆ ಹಾಕಿ ಅಂತ ಸರ್ಕಾರಕ್ಕೆ ಅರ್ಜಿಗಳು ಹರಿದುಬಂದವು. ಅಂಥ ಕಾಲದ ಬರಹದಲ್ಲಿ ಸಿಗುವುದು ಬಹುಮಟ್ಟಿಗೆ ಆಗಿನವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಜಾತಿ ಪುಟಗಳಿಗೆ ಬ್ರಿಟಿಷರ ಕಾಲದ ಇಂಥ ಪುಸ್ತಕಗಳನ್ನು ನಂಬಲರ್ಹ ಆಧಾರ ಅಂತ ಒಪ್ಪುವುದಿಲ್ಲ. ಅದು ಸರಿಯಾದ ನಿಲುವು ಅಂತಲೇ ನನ್ನ ಅಭಿಪ್ರಾಯ.

ಆದರೆ ‘ಈ ಪುಸ್ತಕ ನಡೆಯಲ್ಲ’ ಅಂತ ಅಳಿಸಿಬಿಟ್ಟರೆ ಎದುರಿನವರಿಗೆ ಕೇಳಿಸುವುದು ‘ನಿಮ್ಮ ಜಾತಿ ನಡೆಯಲ್ಲ’ ಅಂತ. ಅದಕ್ಕೆ ನಾನು ಅಳಿಸುವ ಮುಂಚೆ ಪುಟ ಸಂಖ್ಯೆ ಕೇಳುತ್ತೇನೆ. ಅರ್ಧಕ್ಕರ್ಧ ಜನ ಅಲ್ಲೇ ನಿಲ್ಲುತ್ತಾರೆ, ಯಾಕೆಂದರೆ ಪುಸ್ತಕ ತೆರೆದಿರುವುದಿಲ್ಲ, ವಾಟ್ಸಾಪಿನಲ್ಲಿ ಬಂದದ್ದನ್ನು ಹಾಕಿರುತ್ತಾರೆ. ಪುಟ ಕೊಟ್ಟವರ ಜೊತೆ ಆ ಪುಟ ತೆರೆದು ಓದುತ್ತೇನೆ. ಎಷ್ಟೋ ಸಲ ಅಲ್ಲಿ ‘ಇವರು ಹೀಗೆ ಹೇಳಿಕೊಳ್ಳುತ್ತಾರೆ’ ಅಂತ ಮಾತ್ರ ಇರುತ್ತದೆ. ಆಮೇಲೆ ಈಚಿನ ಇತಿಹಾಸಕಾರರ, ಸಮಾಜಶಾಸ್ತ್ರಜ್ಞರ ಬರಹವನ್ನು ನಾನೇ ಹುಡುಕಿ ಕೊಡುತ್ತೇನೆ. ಅಳಿಸಿದ ಜಾಗಕ್ಕೆ ಒಂದು ಒಳ್ಳೆ ಸಾಲು ಕೊಟ್ಟರೆ ಸಿಟ್ಟು ಅರ್ಧ ಇಳಿಯುತ್ತದೆ.

ಬದುಕಿರುವವರ ಪುಟದಲ್ಲಿ ಮಾತ್ರ ಇಷ್ಟೆಲ್ಲ ಸಮಾಧಾನ ಇಲ್ಲ. ಅವರೇ ಬಾಯಿಬಿಟ್ಟು ಹೇಳಿಕೊಳ್ಳದಿದ್ದರೆ ಜಾತಿಯ ಹೆಸರನ್ನು ಆಗಿಂದಾಗಲೇ ತೆಗೆದುಬಿಡುತ್ತೇನೆ.

ಕೆಲವು ಜಗಳ ಎರಡು ಸಾಲಲ್ಲಿ ಮುಗಿಯುತ್ತವೆ. ಕನ್ನಡದ ಅತಿ ಹಳೆಯ ಶಾಸನ ಯಾವುದು? ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಅಂತ ಶಾಲೆಯಲ್ಲಿ ಓದಿದ್ದೇವೆ. 2013ರಲ್ಲಿ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಸುಮಾರು 370ರದ್ದು ಅಂತ ಸುದ್ದಿಯಾಯಿತು. ಒಬ್ಬರು ಹಲ್ಮಿಡಿ ಅಳಿಸುತ್ತಾರೆ, ಇನ್ನೊಬ್ಬರು ತಾಳಗುಂದ ಅಳಿಸುತ್ತಾರೆ. ಎರಡನ್ನೂ ಇಟ್ಟು, ಯಾರು ಯಾವ ಕಾಲ ಹೇಳುತ್ತಾರೆ ಅಂತ ಹೆಸರು ಹಾಕಿ ಬರೆದರೆ ಸಾಕು.

ನನಗೆ ಅತಿ ಕಷ್ಟವಾದದ್ದು ಬೆಳಗಾವಿ. ಕನ್ನಡ ವಿಕಿಪೀಡಿಯ ಓದುವವರೂ ಬರೆಯುವವರೂ ಕನ್ನಡಿಗರೇ ಅಲ್ವಾ? ಕರ್ನಾಟಕದ ಪರ ವಾಲಿದ ಸಾಲು ಯಾರಿಗೂ ವಾಲಿದಂತೆ ಕಾಣುವುದಿಲ್ಲ. ಗಡಿ ವಿವಾದದ ಪುಟದಲ್ಲಿ ‘ಮರಾಠಿಗರ ಕುತಂತ್ರ’ ಅನ್ನುವ ಮಾತು ಆರಾಮಾಗಿ ಕೂತಿತ್ತು. ತೆಗೆದೆ. ‘ಕನ್ನಡದ್ರೋಹಿ’ ಅನ್ನಿಸಿಕೊಂಡೆ. ನಾನು ವಾದ ಮಾಡಲಿಲ್ಲ. 1967ರ ಮಹಾಜನ ವರದಿ ಬೆಳಗಾವಿ ಕರ್ನಾಟಕದಲ್ಲೇ ಇರಲಿ ಅಂದಿತು, ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು ಅಂತ ಒಂದರ ಕೆಳಗೊಂದು ಬರೆದೆ. ಮಹಾರಾಷ್ಟ್ರದ ವಾದವನ್ನೂ ಅವರ ಬಾಯಲ್ಲೇ ಕೇಳಿಸುವ ಹಾಗೆ ಸೇರಿಸಿದೆ. ನಮ್ಮ ವಾದ ಅದರಿಂದ ಸೊರಗಲಿಲ್ಲ. ಎಲ್ಲರೂ ಒಂದೇ ಕಡೆ ಇರುವ ಚಿಕ್ಕ ವಿಕಿಗಳಿಗೆ ಏನಾಗಬಹುದು ಅಂತ ಗೊತ್ತಾಗಬೇಕಾದರೆ ಕ್ರೊಯೇಷಿಯನ್ ವಿಕಿಪೀಡಿಯದ ಕಥೆ ನೋಡಿ. ಒಂದು ರಾಷ್ಟ್ರವಾದಿ ಗುಂಪು ನಿರ್ವಾಹಕರ ಜಾಗ ಹಿಡಿದು ವರ್ಷಗಟ್ಟಲೆ ಚರಿತ್ರೆಯನ್ನು ತಮಗೆ ಬೇಕಾದ ಹಾಗೆ ತಿರುಚಿತು. 2021ರಲ್ಲಿ ವಿಕಿಮೀಡಿಯ ಫೌಂಡೇಶನ್ ಅದರ ಬಗ್ಗೆ ವರದಿಯನ್ನೇ ತಂದಿತು.

ಮಾತಿಗೆ ಬಗ್ಗದವರೂ ಇರುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಜಾಸ್ತಿ ಸಲ ರಿವರ್ಟ್ (ಬೇರೆಯವರ ಬದಲಾವಣೆ ರದ್ದು) ಮಾಡುವಂತಿಲ್ಲ. ನನಗೆ ನಾನೇ ಹಾಕಿಕೊಂಡ ಮಿತಿ ಎರಡು. ಮೂರನೇ ಸಲ ಬೇರೆಯವರು ಮಾಡಲಿ. ನಾನು ಸರಿ ಇದ್ದರೆ ಯಾರಾದರೂ ಮಾಡಿಯೇ ಮಾಡುತ್ತಾರೆ. ಸಂಪಾದನೆಯ ಸಾರಾಂಶದಲ್ಲಿ ವ್ಯಕ್ತಿಯ ಹೆಸರು ಎತ್ತುವುದಿಲ್ಲ, ‘ಈ ಸಾಲಿಗೆ ಆಧಾರ ಇಲ್ಲ’ ಅಂತಷ್ಟೇ ಬರೆಯುತ್ತೇನೆ. ಸಿದ್ಧ ಎಚ್ಚರಿಕೆಯ ಟೆಂಪ್ಲೇಟು ಅಂಟಿಸುವುದಿಲ್ಲ. ಅದು ಸರ್ಕಾರಿ ನೋಟಿಸಿನ ಹಾಗಿರುತ್ತದೆ, ಓದಿದವರಿಗೆ ಸಿಟ್ಟೇ ಬರುವುದು.

ಒಬ್ಬರೇ ಎರಡು ಮೂರು ಖಾತೆ ಮಾಡಿಕೊಂಡು ಚರ್ಚೆಪುಟದಲ್ಲಿ ತಮಗೆ ತಾವೇ ‘ಸರಿಯಾಗಿ ಹೇಳಿದಿರಿ’ ಅನ್ನುವುದೂ ಉಂಟು. ಒಂದೇ ಬಗೆಯ ಕಾಗುಣಿತ ತಪ್ಪು, ಒಂದೇ ಹೊತ್ತಿಗೆ ಸಂಪಾದನೆ, ಅವೇ ಎರಡು ಪುಟ. ಅನುಮಾನ ಬಂದ ತಕ್ಷಣ ಚರ್ಚೆಪುಟದಲ್ಲಿ ಕೂಗಾಡಬೇಡಿ. ಖಾತೆಗಳ ಹಿಂದಿನ ತಾಂತ್ರಿಕ ವಿವರ (ಐಪಿ ವಿಳಾಸದಂಥದ್ದು) ನೋಡುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ. ಎಲ್ಲ ವಿಕಿಗಳಿಗೂ ಸಾಮಾನ್ಯವಾದ ಮೆಟಾ ವಿಕಿಯಲ್ಲಿ, ಅವೆಲ್ಲದರ ಮೇಲೂ ಅಧಿಕಾರ ಇರುವ ಸ್ಟೀವರ್ಡ್‌ಗಳಿಗೆ ಅರ್ಜಿ ಹಾಕಬೇಕು. ಅವರಿಗೆ ಕನ್ನಡ ಬರುತ್ತದೆ ಅಂತ ನಂಬಿಕೊಳ್ಳುವ ಹಾಗಿಲ್ಲ. ಯಾವ ಸಂಪಾದನೆ, ಯಾವ ದಿನ, ಯಾಕೆ ಅನುಮಾನ ಅಂತ ಡಿಫ್ (ಒಂದು ಸಂಪಾದನೆಯಲ್ಲಿ ಏನು ಬದಲಾಯಿತು ಅಂತ ತೋರಿಸುವ ಪುಟ) ಲಿಂಕುಗಳ ಜೊತೆ ಬಿಡಿಸಿ ಬರೆದರೆ ಮಾತ್ರ ಕೆಲಸ ಆಗುತ್ತದೆ. ಆ ವಿವರ ಸರ್ವರಿನಲ್ಲಿ ಉಳಿಯುವುದೂ 90 ದಿನ ಮಾತ್ರ. ಆದ್ದರಿಂದ ಡಿಫ್‌ಗಳನ್ನು ಮೊದಲ ದಿನದಿಂದಲೇ ನೋಟ್‌ಪ್ಯಾಡಿನಲ್ಲಿ ಕೂಡಿಹಾಕುತ್ತಾ ಹೋಗಿ, ತಾರೀಖು ಸಮೇತ.