ಫ್ಲೂ ಶ್ವಾಸಕೋಶಕ್ಕೆ ಇಳಿದಾಗ: ಐಸಿಯುವಿನಲ್ಲಿ ಚಿಕಿತ್ಸೆ ಹೇಗೆ?

ಆಟಿ ತಿಂಗಳ (ಆಷಾಢದ ಹೊತ್ತಿನ) ಮಳೆ ಹಿಡಿದರೆ ಮಂಗಳೂರಿನ ಆಸ್ಪತ್ರೆಗಳಿಗೆ ಡೆಂಗಿ, ಮಲೇರಿಯಾ, ಇಲಿ ಜ್ವರದ ಜೊತೆ ಫ್ಲೂ ಕೂಡ ಬರುತ್ತದೆ. ನಾಲ್ಕೂ ಜ್ವರ, ಮೈಕೈ ನೋವಿನಿಂದಲೇ ಶುರು. ಹಾಗಾಗಿ ಏದುಸಿರು ಬಿಡುತ್ತಾ ಬಂದವರ ರಕ್ತ ಪರೀಕ್ಷೆಗೆ ಕಳಿಸುವಾಗಲೇ ಮೂಗು, ಗಂಟಲಿನ ಸ್ವಾಬ್ ಆರ್‌ಟಿ-ಪಿಸಿಆರ್‌ಗೆ ಹೋಗಬೇಕು.

ಆದರೆ ಔಷಧಿಗೆ ರಿಪೋರ್ಟು ಕಾಯಬಾರದು. ನಾನು ಒತ್ತಿ ಹೇಳುವುದು ಇದೊಂದನ್ನೇ. ಫ್ಲೂ ವೈರಸ್ ತಡೆಯುವ ಔಷಧಿ ಒಸೆಲ್ಟಾಮಿವಿರ್ ದೊಡ್ಡವರಿಗೆ 75 ಮಿ.ಗ್ರಾಂ., ದಿನಕ್ಕೆ 2 ಸಲ, ಸಾಮಾನ್ಯವಾಗಿ 5 ದಿನ. ಕಿಡ್ನಿ ಸೋತಿದ್ದರೆ ಪ್ರಮಾಣ ಕಡಿಮೆ. ನುಂಗಲಾಗದಿದ್ದರೆ ಕ್ಯಾಪ್ಸೂಲ್ ಬಿಡಿಸಿ, ಪುಡಿಯನ್ನು ನೀರಲ್ಲಿ ಕಲಸಿ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಕೊಡುತ್ತಾರೆ. ಮೊದಲ 48 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು. ಐದನೇ ದಿನ ಬಂದರೂ ಐಸಿಯು ರೋಗಿಗೆ ಕೊಡಲೇಬೇಕು.

ಸ್ವಾಬ್ ನೆಗೆಟಿವ್ ಬಂತೆಂದು ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ಗಂಟಲಲ್ಲಿ ಸಿಗದ ವೈರಸ್ ಶ್ವಾಸಕೋಶದ ಆಳದಲ್ಲಿರಬಹುದು. ವೆಂಟಿಲೇಟರಿನಲ್ಲಿರುವವರ ಕಫವನ್ನು ಟ್ಯೂಬಿನಿಂದ ಎಳೆದು ಮತ್ತೆ ಪರೀಕ್ಷಿಸಬೇಕು.

ಮಾಸ್ಕಿನ ಆಮ್ಲಜನಕ ಸಾಲದಿದ್ದರೆ ಮೂಗಿಗೆ ಜೋರಾಗಿ ಆಮ್ಲಜನಕ ಹರಿಸುವ ಹೈ ಫ್ಲೋ, ಅದೂ ಸಾಲದಿದ್ದರೆ ವೆಂಟಿಲೇಟರ್. ಇಲ್ಲಿ ನಾವು ಮೊದಲು ಕೈಗೆ ತೆಗೆದುಕೊಳ್ಳುವುದು ಅಳತೆ ಟೇಪು. ಮಲಗಿದವರನ್ನು ತಲೆಯಿಂದ ಹಿಮ್ಮಡಿವರೆಗೆ ಅಳೆಯುತ್ತೇವೆ. ಶ್ವಾಸಕೋಶದ ಗಾತ್ರ ಎತ್ತರಕ್ಕೆ ತಕ್ಕಂತೆ, ಮೈ ತೂಕಕ್ಕೆ ತಕ್ಕಂತೆ ಅಲ್ಲ. 160 ಸೆಂ.ಮೀ. ಎತ್ತರದ ಹೆಂಗಸು 80 ಕೆ.ಜಿ. ಇದ್ದರೂ ಎತ್ತರದ ಲೆಕ್ಕಕ್ಕೆ 52.4 ಕೆ.ಜಿ.; ಕೆ.ಜಿ.ಗೆ 6 ಮಿ.ಲೀ.ನಂತೆ ಒಂದು ಉಸಿರಿಗೆ ಸುಮಾರು 315 ಮಿ.ಲೀ. ಅದಕ್ಕಿಂತ ಹೆಚ್ಚು ಗಾಳಿ ನುಗ್ಗಿಸಿದರೆ ಊದಿದ ಶ್ವಾಸಕೋಶಕ್ಕೆ ಇನ್ನಷ್ಟು ಪೆಟ್ಟು.

ಆಗಲೂ ಆಮ್ಲಜನಕ ಏರದಿದ್ದರೆ ಬೋರಲು ಮಲಗಿಸಬೇಕು, ದಿನಕ್ಕೆ ಸುಮಾರು 16 ಗಂಟೆ. ತಲೆಯ ಬಳಿ ನಿಂತವರು ಟ್ಯೂಬು ಹಿಡಿದು ಎಣಿಸುತ್ತಾರೆ, ಎರಡೂ ಬದಿಯವರು ಒಟ್ಟಿಗೆ ತಿರುಗಿಸುತ್ತಾರೆ. ಬೆನ್ನಿನ ಕಡೆ ಕುಸಿದಿದ್ದ ಶ್ವಾಸಕೋಶ ತೆರೆದುಕೊಂಡು ಮಾನಿಟರಿನಲ್ಲಿ ರಕ್ತದ ಆಮ್ಲಜನಕ ಶೇ. 84 ಇದ್ದದ್ದು 93 ಆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಫ್ಲೂ ಬೆನ್ನಿಗೇ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬರುವುದುಂಟು. ಅದಕ್ಕೆ ಆಂಟಿಬಯೋಟಿಕ್ ಶುರು ಮಾಡಿ, ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ನೋಡಿ ಮುಂದುವರಿಸುವುದೋ ನಿಲ್ಲಿಸುವುದೋ ತೀರ್ಮಾನಿಸುತ್ತಾರೆ. ‘ಡಾಕ್ಟ್ರೇ, ಸ್ಟೀರಾಯ್ಡ್ ಕೊಡುದಿಲ್ವಾ? ಕೊರೊನಾಗೆ ಕೊಟ್ಟಿದ್ರಲ್ಲ’ ಎಂದು ಮನೆಯವರು ಕೇಳುತ್ತಾರೆ. ಫ್ಲೂ ಒಂದೇ ಕಾರಣಕ್ಕೆ ಕೊಡುವುದಿಲ್ಲ. ಆಸ್ತಮಾದಂಥ ಬೇರೆ ಕಾರಣ ಇದ್ದರೆ ಮಾತ್ರ.

ಮನೆಯವರು ಬರುವಾಗ ರೋಗಿಯ ಹಳೇ ಮಾತ್ರೆಗಳನ್ನೆಲ್ಲ ತನ್ನಿ, ಉಸಿರಾಟದ ಕಷ್ಟ ಯಾವತ್ತು ಶುರುವಾಯಿತೆಂದು ಸರಿಯಾಗಿ ಹೇಳಿ, ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ಬಸುರಿಯರೋ ವಯಸ್ಸಾದವರೋ ಇದ್ದು ಅವರಿಗೂ ಜ್ವರ ಕಾಣಿಸಿದರೆ, ಏದುಸಿರು ಬರುವವರೆಗೆ ಕಾಯದೆ ಅವತ್ತೇ ತೋರಿಸಿ.